ಪಟ್ಟದಕಲ್ಲಿನ ಲೋಕೇಶ್ವರ ದೇವಾಲಯ: ಶಾಸನಗಳೂ ಕಾಲನಿರ್ಣಯವೂ

ಮಲಪ್ರಭೆಯ ದಂಡೆಯಲ್ಲಿರುವ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದ್ದು ಯಾವಾಗ ಎಂದು ಕೇಳಿದರೆ, ಶಾಲೆಯ ಚರಿತ್ರೆಯ ಪುಸ್ತಕವನ್ನು ಓದಿದ ಬಾಲಕನೂ ತಡವರಿಸದೆ 'ಕ್ರಿ. ಶ. 740' ಎಂದು ಉತ್ತರಿಸುತ್ತಾನೆ. ಪ್ರವಾಸಿಗಳ ಕೈಪಿಡಿಗಳಲ್ಲಿಯೂ ಇದೇ ಅಂಕಿ ಇದೆ. 1987ರಲ್ಲಿ ಪಟ್ಟದಕಲ್ಲಿನ ದೇವಾಲಯ ಸಮೂಹವು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗಲೂ ಇದೇ ಅಂಕಿಯನ್ನು ಕೊಡಲಾಯಿತು. ಆದರೆ ಅಲ್ಲಿ ಅದರ ಹಿಂದೆ 'ಸುಮಾರು' ಎಂಬ ಮಾತಿತ್ತು. ಪುಸ್ತಕದಿಂದ ಪುಸ್ತಕಕ್ಕೆ ದಾಟುವಾಗ ಈ 'ಸುಮಾರು' ಎಂಬುದು ಎಲ್ಲಿಯೋ ಉದುರಿಹೋಗಿ, ಉಳಿದ ಅಂಕಿಯು ಶಿಲಾಲಿಖಿತವಾದ ಸತ್ಯದಂತೆ ನಿಂತುಬಿಟ್ಟಿದೆ. ವಸ್ತುಸ್ಥಿತಿಯೆಂದರೆ, ಈ ದೇವಾಲಯವನ್ನು ಕಟ್ಟಿದ ಕಾಲದ ಶಾಸನಗಳಲ್ಲಿ ಶಕವರ್ಷವಿಲ್ಲ, ಆಳ್ವಿಕೆಯ ವರ್ಷವಿಲ್ಲ, ತಿಥಿ-ವಾರ-ನಕ್ಷತ್ರಗಳಿಲ್ಲ. ಹಾಗಾದರೆ 740 ಎಂಬುದು ಎಲ್ಲಿಂದ ಬಂದಿತು? ಅದನ್ನು ಎಷ್ಟರಮಟ್ಟಿಗೆ ನಂಬಬಹುದು? ಶಾಸನವನ್ನು ಓದುವ ಸಾಹಿತ್ಯದ ವಿದ್ಯಾರ್ಥಿಗೂ, ಅಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ಲಿಂಗದ ದರ್ಶನಕ್ಕೆ ಹೋಗುವ ಭಕ್ತನಿಗೂ ಈ ಪ್ರಶ್ನೆ ನಿಷ್ಪ್ರಯೋಜಕವಾದುದಲ್ಲ.

ಮೊದಲು ದೇವಾಲಯದ ಮೈಮೇಲೆಯೇ ಇರುವ ಶಾಸನಗಳನ್ನು ನೋಡಬೇಕು. ಇವುಗಳನ್ನು ಫ್ಲೀಟ್ ಮಹಾಶಯರು 1881ರಲ್ಲಿ ಇಂಡಿಯನ್ ಆಂಟಿಕ್ವರಿಯ 10ನೆಯ ಸಂಪುಟದಲ್ಲಿ ಪ್ರಕಟಿಸಿದರು. ಇವುಗಳಲ್ಲಿ ಪ್ರಧಾನವಾದುದು ಹಳಗನ್ನಡದ ಗದ್ಯದಲ್ಲಿರುವ ಒಂದು ಚಿಕ್ಕ ಲೇಖ. ಕಾಂಚಿಯನ್ನು ಮೂರು ಬಾರಿ ಗೆದ್ದ ವಿಕ್ರಮಾದಿತ್ಯನ ಮಹಾದೇವಿಯಾದ ಲೋಕಮಹಾದೇವಿಯ ಲೋಕೇಶ್ವರವನ್ನು ಕಟ್ಟಿದ ಸೂತ್ರಧಾರಿ ಗುಂಡನೆಂಬವನು. ಅವನಿಗೆ ಅನಿವಾರಿತಾಚಾರಿ ಎಂಬ ಹೆಸರು. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದನ್ನು ಕೊಟ್ಟು ಸನ್ಮಾನಿಸಲಾಯಿತು: ಇಷ್ಟು ಅದರ ಸಾರ. ಇನ್ನೊಂದರಲ್ಲಿ ಸರ್ವಸಿದ್ಧಿ ಆಚಾರಿಯ ಪ್ರಶಂಸೆ ಇದೆ. ಪ್ರಾಸಾದ, ಯಾನ, ಆಸನ, ಶಯನ, ಮಣಿಮಕುಟಗಳ ನಿರ್ಮಾಣದಲ್ಲೆಲ್ಲ ಅವನು ಪರಿಣತನೆಂದು ಅದು ಕೊಂಡಾಡುತ್ತದೆ. ಅರಸಿಯ ದಾನವನ್ನು ಹೇಳುವುದಕ್ಕಿಂತ ಹೆಚ್ಚು ಉತ್ಸಾಹದಿಂದ ಶಿಲ್ಪಿಯ ಗೌರವವನ್ನು ಹೇಳುವ ಶಾಸನಗಳು ನಮ್ಮಲ್ಲಿ ಅಪರೂಪ. ಈ ದೃಷ್ಟಿಯಿಂದಲೇ ಇವು ಕನ್ನಡ ಗದ್ಯದ ಇತಿಹಾಸದಲ್ಲಿ ಪ್ರತ್ಯೇಕವಾದ ಸ್ಥಾನಕ್ಕೆ ಅರ್ಹವಾಗಿವೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಶಾಸನದ ಉದ್ದೇಶ ಕಾಲವನ್ನು ತಿಳಿಸುವುದಲ್ಲ, ಸನ್ಮಾನವನ್ನು ತಿಳಿಸುವುದು. ಭೂದಾನವಾಗಿದ್ದರೆ ಅದಕ್ಕೆ ತಿಥಿ ಬೇಕಾಗುತ್ತಿತ್ತು. ಏಕೆಂದರೆ ನಾಳೆ ವ್ಯಾಜ್ಯ ಬಂದರೆ ತೋರಿಸಲು ಆಧಾರವಿರಬೇಕು. ಬಿರುದಿಗೆ ತಿಥಿಯ ಹಂಗಿಲ್ಲ. ತಿಥಿಯಿಲ್ಲದ ಶಾಸನವು ಕಾಲವನ್ನೇ ಹೇಳುವುದಿಲ್ಲವೆಂದು ಭಾವಿಸುವುದೂ ತಪ್ಪು. ಅದು ತನಗರಿವಿಲ್ಲದೆಯೇ ಹೇಳುತ್ತದೆ. ಅರಸನ ಹೆಸರು, ಅವನ ವಿಜಯದ ಉಲ್ಲೇಖ, ಅರಸಿಯ ಹೆಸರಿನ ದೇವರು ಈ ಮೂರೂ ಸಾಕ್ಷಿಗಳೇ.

ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನು ಕ್ರಿ. ಶ. 733-34ರಿಂದ 744-45ರವರೆಗೆ ಆಳಿದನೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಈ ಎಲ್ಲೆಗಳು ಕೂಡ ಆಕಾಶದಿಂದ ಇಳಿದವಲ್ಲ; ತಾಮ್ರಪಟಗಳನ್ನು ಒಂದರ ಮೇಲೊಂದು ಇಟ್ಟು ಎಣಿಸಿ ಪಡೆದವು. ಅವನ ಮಗ ಇಮ್ಮಡಿ ಕೀರ್ತಿವರ್ಮನ ಕೆಂದೂರಿನ ತಾಮ್ರಶಾಸನವು ಶಕ 672ನ್ನು ಅವನ ಆಳ್ವಿಕೆಯ 6ನೆಯ ವರ್ಷವೆಂದು ಹೇಳುತ್ತದೆ. ಅದರಂತೆ ಅವನು ಪಟ್ಟಕ್ಕೆ ಬಂದುದು 744-45ರಲ್ಲಿ. ಅದೇ ಅರಸನ ವಕ್ಕಲೇರಿಯ ತಾಮ್ರಶಾಸನವು ಶಕ 679ನ್ನು 11ನೆಯ ವರ್ಷವೆನ್ನುತ್ತದೆ. ಅದರಂತೆ ಎಣಿಸಿದರೆ ಪಟ್ಟಾಭಿಷೇಕವು 746-47ಕ್ಕೆ ಸರಿಯುತ್ತದೆ. ಏಳು ಶಕವರ್ಷಗಳು ಕಳೆದರೂ ಆಳ್ವಿಕೆಯ ವರ್ಷಗಳು ಐದೇ ಮುಂದುವರಿದಿವೆ! ಒಬ್ಬನೇ ಅರಸನ ಎರಡು ರಾಜಶಾಸನಗಳಲ್ಲಿಯೇ ಎರಡು ವರ್ಷಗಳ ವ್ಯತ್ಯಾಸವಿರುವಾಗ, ತಿಥಿಯೇ ಇಲ್ಲದ ಒಂದು ಗುಡಿಗೆ ನಿಖರವಾದ ವರ್ಷವನ್ನು ನಮೂದಿಸುವವರ ಧೈರ್ಯವನ್ನು ಮೆಚ್ಚಬಹುದೇ ಹೊರತು ಅನುಸರಿಸಲಾಗದು.

ಕಾಂಚಿಯ ವಿಜಯದ ಸಂಗತಿ ಇನ್ನೂ ರೋಚಕವಾಗಿದೆ. ಶಾಸನವು 'ಮೂರು ಬಾರಿ' ಎಂದು ಸ್ಪಷ್ಟವಾಗಿ ಹೇಳುತ್ತದೆ. ಇತಿಹಾಸಕಾರರು ಈ ಮೂರನ್ನು ಸಾಮಾನ್ಯವಾಗಿ ಹೀಗೆ ಎಣಿಸುತ್ತಾರೆ: ತಂದೆ ವಿಜಯಾದಿತ್ಯನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಯುವರಾಜನಾಗಿ ವಿಕ್ರಮಾದಿತ್ಯನು ಕೈಗೊಂಡುದು ಒಂದು, ತಾನೇ ಅರಸನಾದ ಮೇಲೆ ಕಾಂಚಿಯನ್ನು ಪ್ರವೇಶಿಸಿದ್ದು ಎರಡು, ಯುವರಾಜ ಕೀರ್ತಿವರ್ಮನು ತಂದೆಯ ಅಪ್ಪಣೆ ಪಡೆದು ಪಲ್ಲವನ ಮೇಲೆ ನಡೆದು ಆನೆ, ಮಾಣಿಕ್ಯ, ಸುವರ್ಣಗಳನ್ನು ತಂದುದು ಮೂರು. ಎರಡನೆಯದನ್ನೂ ಮೂರನೆಯದನ್ನೂ ವಕ್ಕಲೇರಿಯ ಶಾಸನ ವಿಸ್ತಾರವಾಗಿ ವರ್ಣಿಸುತ್ತದೆ. ವಿಕ್ರಮಾದಿತ್ಯನು ಕಾಂಚಿಯನ್ನು ಹಾಳುಮಾಡದೆ, ರಾಜಸಿಂಹೇಶ್ವರ ಮೊದಲಾದ ಶಿಲಾದೇವಾಲಯಗಳಿಗೆ ಅವುಗಳ ಸುವರ್ಣರಾಶಿಯನ್ನು ಹಿಂದಿರುಗಿಸಿದನೆಂಬ ಮಾತು ಅಲ್ಲಿಯೇ ಬರುತ್ತದೆ. ಇದು ಬರಿಯ ಆಸ್ಥಾನದ ಹೊಗಳಿಕೆಯಲ್ಲವೆಂಬುದಕ್ಕೆ ಕಾಂಚಿಯ ಕೈಲಾಸನಾಥ ದೇವಾಲಯದ ಮುಂದಿನ ಮಂಟಪದ ಕಂಬವೊಂದರ ಮೇಲೆ ವಿಕ್ರಮಾದಿತ್ಯನು ಬರೆಯಿಸಿದ ಕನ್ನಡ ಶಾಸನವೇ ಪ್ರಮಾಣ. ಶತ್ರುವಿನ ರಾಜಧಾನಿಯಲ್ಲಿ, ಶತ್ರುವಿನ ಕುಲದವರು ಕಟ್ಟಿಸಿದ ಶಿವಾಲಯದಲ್ಲಿ, ಕನ್ನಡದಲ್ಲಿ ಕೆತ್ತಿಸಿದ ಈ ಲೇಖವು ದೇವರ ಸೊತ್ತನ್ನು ಅರಿತು ಬಿಟ್ಟುಕೊಟ್ಟ ವಿಜಯಿಯೊಬ್ಬನ ನಡವಳಿಕೆಗೆ ಸಾಕ್ಷಿಯಾಗಿ ಇಂದಿಗೂ ನಿಂತಿದೆ. ಆದರೆ ಅದಕ್ಕೂ ತಿಥಿಯಿಲ್ಲ.

ಇದರಿಂದ ಫಲಿಸುವುದೇನು? ಲೋಕೇಶ್ವರದ ಶಾಸನವು ಮೂರನೆಯ ದಂಡಯಾತ್ರೆಯಾದ ಬಳಿಕವೇ ಕೆತ್ತಲ್ಪಟ್ಟಿರಬೇಕು. ಮೂರನೆಯದಾದರೋ ಕೀರ್ತಿವರ್ಮನು ಆಯುಧ ಹಿಡಿಯುವ ಪ್ರಾಯಕ್ಕೆ ಬಂದು ಯುವರಾಜನಾಗಿದ್ದಾಗ, ಎಂದರೆ ಆಳ್ವಿಕೆಯ ಉತ್ತರಾರ್ಧದಲ್ಲಿ ನಡೆದಿರಬೇಕು. ಆದುದರಿಂದ ಶಾಸನದ ಕಾಲವು 740ರ ಆಸುಪಾಸು ಅಥವಾ ಅದಕ್ಕಿಂತ ಈಚೆ ಎಂಬುದು ತರ್ಕಶುದ್ಧವಾದ ಊಹೆ. 'ಸುಮಾರು 740' ಎಂಬ ಮಾತನ್ನು ಎತ್ತಿಹಿಡಿಯಬಲ್ಲ ತರ್ಕ ಇದೊಂದೇ. ಆದರೆ ಇದು ಶಾಸನದ ಕಾಲ, ದೇವಾಲಯದ ಕಾಲವಲ್ಲ. ಸೂತ್ರಧಾರಿಗೆ ಸನ್ಮಾನವಾಗುವುದು ಕೆಲಸ ಮುಗಿದ ಮೇಲೆ ಅಥವಾ ಮುಗಿಯುವ ಹೊತ್ತಿಗೆ. ಪ್ರಾಕಾರ, ನಂದಿಮಂಟಪ, ಎರಡು ದಿಕ್ಕಿನ ಮಹಾದ್ವಾರ, ವಿಶಾಲವಾದ ಸಭಾಮಂಟಪ, ಪ್ರದಕ್ಷಿಣಾಪಥ, ಶಿಖರ ಇವೆಲ್ಲವನ್ನೂ ಒಳಗೊಂಡ ಕಟ್ಟಡವೊಂದು ಒಂದೆರಡು ವರ್ಷಗಳ ಕೆಲಸವಾಗಿರಲಾರದು. ಅಡಿಗಲ್ಲು ಬಿದ್ದುದು ಎರಡನೆಯ ವಿಜಯದ ನಂತರವೋ, ಅದಕ್ಕೂ ಮುಂಚೆಯೋ, ಶಾಸನ ಅದನ್ನು ಹೇಳುವುದಿಲ್ಲ. ವಿಜಯದ ನೆನಪಿಗಾಗಿಯೇ ಅರಸಿ ದೇವಾಲಯವನ್ನು ಕಟ್ಟಿಸಿದಳೆಂಬ ಪ್ರಸಿದ್ಧವಾದ ಹೇಳಿಕೆ ಕೂಡ 'ಕಾಂಚಿಯನ್ನು ಮೂರು ಬಾರಿ ಗೆದ್ದ' ಎಂಬ ವಿಶೇಷಣದಿಂದ ಎಳೆದ ಅನುಮಾನವೇ. ವಿಶೇಷಣವು ಅರಸನನ್ನು ಗುರುತಿಸುತ್ತದೆ, ಕಾರಣವನ್ನು ಹೇಳಲೇಬೇಕೆಂದಿಲ್ಲ. ಹಳಗನ್ನಡದ ವಾಕ್ಯರಚನೆಯನ್ನು ಬಲ್ಲವರು ಈ ಸೂಕ್ಷ್ಮವನ್ನು ಅಲಕ್ಷಿಸಬಾರದು.

ಹೀಗೆ ಕೆಳಗಿನ ಎಲ್ಲೆಯನ್ನು ದೇವಾಲಯದ ಶಾಸನದಿಂದ ಪಡೆದರೆ, ಮೇಲಿನ ಎಲ್ಲೆಯನ್ನು ನಿಶ್ಚಯವಾಗಿ ಕೊಡುವುದು ದೇವಾಲಯದ ಗೋಡೆಯಲ್ಲ, ಅದರ ಸಮೀಪದಲ್ಲಿ ಸ್ವತಂತ್ರವಾಗಿ ನಿಲ್ಲಿಸಿದ ಒಂದು ಕಲ್ಲುಕಂಬ. ಗಂಗಾನದಿಯ ಉತ್ತರದಂಡೆಯ ಪ್ರದೇಶದಿಂದ ಬಂದ ಜ್ಞಾನಶಿವಾಚಾರ್ಯನೆಂಬ ಶೈವಗುರು ಇಮ್ಮಡಿ ಕೀರ್ತಿವರ್ಮನ ಕಾಲದಲ್ಲಿ ನಿಲ್ಲಿಸಿದ ತ್ರಿಶೂಲಾಂಕಿತ ಸ್ತಂಭ ಅದು. ಸಂಸ್ಕೃತದ ಒಂದೇ ಪಾಠವನ್ನು ಅದರ ಮೇಲೆ ಎರಡು ಸಲ ಕೆತ್ತಲಾಗಿದೆ: ಒಮ್ಮೆ ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲಿ, ಒಮ್ಮೆ ಅಂದಿನ ಕನ್ನಡ ಲಿಪಿಯಲ್ಲಿ. ಆಚಾರ್ಯನು ತನ್ನ ನಾಡಿನ ಅಕ್ಷರವನ್ನೂ ತಾನು ಬಂದು ನೆಲೆಸಿದ ನಾಡಿನ ಅಕ್ಷರವನ್ನೂ ಒಂದೇ ಕಂಬದಲ್ಲಿ ಸೇರಿಸಿದನು. ಮಲಪ್ರಭೆಯ ದಂಡೆಗೆ ಯಾತ್ರೆ ಬಂದ ಉತ್ತರದವನಿಗೂ ಈ ನಾಡಿನವನಿಗೂ ಅದು ಸಮಾನವಾಗಿ ಓದಲು ಸಿಗಬೇಕೆಂಬ ಇಚ್ಛೆ ಇದರಲ್ಲಿ ವ್ಯಕ್ತವಾಗುತ್ತದೆ.

ಈ ಸ್ತಂಭಶಾಸನವು ಮೂರು ದೇವಾಲಯಗಳನ್ನು ಹೆಸರಿಸುತ್ತದೆ: ವಿಜಯಾದಿತ್ಯನು ಕಟ್ಟಿಸಿದ ವಿಜಯೇಶ್ವರ, ಲೋಕಮಹಾದೇವಿಯ ಲೋಕೇಶ್ವರ, ಅದರ ಉತ್ತರಕ್ಕೆ ಆಕೆಯ ತಂಗಿಯೂ ಸವತಿಯೂ ಆದ ತ್ರೈಲೋಕ್ಯಮಹಾದೇವಿಯ ತ್ರೈಲೋಕ್ಯೇಶ್ವರ. ಅಕ್ಕತಂಗಿಯರಿಬ್ಬರೂ ಹೈಹಯ ವಂಶದವರು. ತಂಗಿಯ ಮಗನೇ ಕೀರ್ತಿವರ್ಮ. ದಾನವು ಸೂರ್ಯಗ್ರಹಣದ ಸಮಯದಲ್ಲಿ ಆಯಿತೆಂದು ಶಾಸನ ಹೇಳುವುದೇ ನಮಗೆ ಮುಖ್ಯ. ಇದನ್ನು ಎಪಿಗ್ರಾಫಿಯಾ ಇಂಡಿಕಾದ 3ನೆಯ ಸಂಪುಟದಲ್ಲಿ ಸಂಪಾದಿಸಿದ ಫ್ಲೀಟ್ ಮಹಾಶಯರು ಗಣಿತಮಾಡಿ, ಆ ಗ್ರಹಣ ಕ್ರಿ. ಶ. 754ನೆಯ ಜೂನ್ 25ರದೆಂದು ನಿರ್ಣಯಿಸಿದರು. ಶಾಸನವು ಶ್ರಾವಣವೆನ್ನುತ್ತದೆ, ಆದರೆ ಇಂದು ಕರ್ಣಾಟಕದಲ್ಲಿ ಬಳಕೆಯಲ್ಲಿರುವ ಅಮಾಂತ ಪಂಚಾಂಗದಂತೆ ನೋಡಿದರೆ ಆ ಅಮಾವಾಸ್ಯೆ ಆಷಾಢದ್ದು. ತಿಂಗಳನ್ನು ಹುಣ್ಣಿಮೆಗೆ ಮುಗಿಸುವ ಪೂರ್ಣಿಮಾಂತ ಲೆಕ್ಕದಲ್ಲಿ ಅದೇ ಅಮಾವಾಸ್ಯೆ ಶ್ರಾವಣದ್ದಾಗುತ್ತದೆ. ಪಂಚಾಂಗದ ಈ ಭೇದವನ್ನು ಅರಿಯದವನು ಶಾಸನವೇ ತಪ್ಪೆಂದೋ, ಮುಂದಿನ ತಿಂಗಳ ಗ್ರಹಣಕ್ಕಾಗಿ ಬೇರೆ ವರ್ಷವನ್ನೋ ಹುಡುಕುತ್ತ ಹೋಗುತ್ತಿದ್ದನು. ಶಾಸನಾಧ್ಯಯನಕ್ಕೆ ವ್ಯಾಕರಣವಷ್ಟೇ ಸಾಲದು, ಜ್ಯೋತಿಷವೂ ಬೇಕೆಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಅರಸರ ಆಳ್ವಿಕೆಯ ವರ್ಷಗಳು ತೊಡಕಾಗಿರುವಲ್ಲಿ ಗ್ರಹಣವೊಂದೇ ಅಲುಗಾಡದ ಸಾಕ್ಷಿ. 754ನೆಯ ಜೂನ್ 25ರ ಹೊತ್ತಿಗೆ ಲೋಕೇಶ್ವರವು ಇದ್ದಿತು, ಪ್ರಸಿದ್ಧವಾಗಿಯೂ ಇದ್ದಿತು ಎಂಬುದು ನಿರ್ವಿವಾದ.

ಆದರೆ ಲೋಕೇಶ್ವರವೇ ಇಂದಿನ ವಿರೂಪಾಕ್ಷ ಎಂಬುದನ್ನು ಹೇಗೆ ಅರಿಯುವುದು? ಜನರ ಬಾಯಲ್ಲಿ ಹೆಸರುಗಳು ಬದಲಾಗಿವೆ. ತ್ರೈಲೋಕ್ಯೇಶ್ವರವು ಮಲ್ಲಿಕಾರ್ಜುನವಾಗಿದೆ, ವಿಜಯೇಶ್ವರವು ಸಂಗಮೇಶ್ವರವಾಗಿದೆ. ವಿರೂಪಾಕ್ಷದ ಮಟ್ಟಿಗೆ ಗೋಡೆಯ ಮೇಲಿನ ಶಾಸನವೇ ಲೋಕೇಶ್ವರವೆಂದು ಹೆಸರಿಸುವುದರಿಂದ ಸಂದೇಹಕ್ಕೆ ಎಡೆಯಿಲ್ಲ. ಅದರ ಉತ್ತರಕ್ಕೆ ಇರುವ ಗುಡಿ ಕಂಬದ ಮಾತಿನಂತೆ ತ್ರೈಲೋಕ್ಯೇಶ್ವರವಾಗಬೇಕು. ವಿಜಯೇಶ್ವರದ ಹೆಸರು ಹನ್ನೆರಡನೆಯ ಶತಮಾನದಲ್ಲಿಯೂ ಉಳಿದಿತ್ತೆಂಬುದು ಸಿಂದ ಮನೆತನದ ಇಮ್ಮಡಿ ಚಾವುಂಡನ ಕಾಲದ ಶಾಸನದಿಂದ ತಿಳಿಯುತ್ತದೆ. ಅವನ ರಾಣಿ ದೇಮಲದೇವಿಯೂ ಮಗ ಆಚಿದೇವನೂ ಪಟ್ಟದ ಕಿಸುವೊಳಲಿನಿಂದ ಆಳುತ್ತಿದ್ದಾಗ ವಿಜಯೇಶ್ವರ ದೇವರಿಗೆ ದತ್ತಿ ಬಿಟ್ಟರು. ನಾಲ್ಕು ಶತಮಾನಗಳ ಬಳಿಕದ ಈ ದತ್ತಿಶಾಸನವು ಗುಡಿಯ ನಿರ್ಮಾಣಕಾಲವನ್ನು ಹೇಳದಿದ್ದರೂ ಅದರ ಹೆಸರನ್ನು ಕಾಪಾಡಿಕೊಟ್ಟಿದೆ. ಶಾಸನವೊಂದರಿಂದ ಏನನ್ನು ಕೇಳಬೇಕು, ಏನನ್ನು ಕೇಳಬಾರದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕೇಳಬಾರದುದನ್ನು ಕೇಳಿದರೆ ಎಂತಹ ಅನರ್ಥವಾದೀತೆಂಬುದಕ್ಕೂ ಲೋಕೇಶ್ವರದಲ್ಲಿಯೇ ಉದಾಹರಣೆಗಳಿವೆ. ಅಲ್ಲಿನ ಒಂದು ಶಾಸನವು, ವಿಜಯಾದಿತ್ಯನು ಗಾಯಕರಿಗೆ ಕೊಟ್ಟಿದ್ದ ಮರ್ಯಾದೆಯನ್ನು ಲೋಕಮಹಾದೇವಿಯು ಸ್ಥಿರಪಡಿಸಿದಳೆಂದು ಹೇಳುತ್ತದೆ. ವಿಜಯಾದಿತ್ಯನ ಹೆಸರು ಮಾತ್ರ ಕಣ್ಣಿಗೆ ಬಿದ್ದವನು ದೇವಾಲಯವನ್ನು 696-733ರ ಅವಧಿಗೆ ಎಳೆದೊಯ್ಯಬಹುದು. ಆದರೆ ಶಾಸನ ಹೇಳುವುದು ಹಳೆಯ ಕೊಡುಗೆಯ ನವೀಕರಣವನ್ನು. ಇನ್ನೊಂದರಲ್ಲಿ ರಾಷ್ಟ್ರಕೂಟ ಧ್ರುವನ ಕಾಲದಲ್ಲಿ ಬಾದಿಪೊದ್ದಿಯೆಂಬ ದೇಗುಲದ ಸೇವಕಿ ದೇವರಿಗೆ ಅಶ್ವರಥವನ್ನೂ ಗಜರಥವನ್ನೂ ಅರ್ಪಿಸಿದ ಸಂಗತಿಯಿದೆ. ಧ್ರುವನ ಆಳ್ವಿಕೆ 780ರ ಈಚಿನದು. ಉಳಿದ ಶಾಸನಗಳೆಲ್ಲ ಅಳಿಸಿಹೋಗಿ ಇದೊಂದೇ ಉಳಿದಿದ್ದರೆ, ಈ ಭವ್ಯ ಮಂದಿರವನ್ನು ರಾಷ್ಟ್ರಕೂಟರದೆಂದು ವಿದ್ವಾಂಸರು ಬರೆಯುತ್ತಿರಲಿಲ್ಲವೆಂದು ಯಾರು ಹೇಳಬಲ್ಲರು? ಎಷ್ಟೋ ಚಿಕ್ಕ ಊರುಗಳ ಗುಡಿಗಳ ಪಾಡು ಇದೇ ಆಗಿದೆ. ಉಳಿದುಬಂದ ಒಂದು ದತ್ತಿಶಾಸನದ ಕಾಲವನ್ನೇ ಗುಡಿಯ ಕಾಲವೆಂದು ಬರೆಯಲಾಗಿದೆ. ಗುಡಿ ಅದಕ್ಕಿಂತ ಹಳೆಯದೆಂಬುದಷ್ಟೇ ಅಲ್ಲಿ ಸಿದ್ಧವಾಗಿದ್ದುದು. ಭರತನ ನಾಟ್ಯಮಾರ್ಗದಲ್ಲಿ ನಡೆದ ಅಚಲನೆಂಬ ನಟನ ಪ್ರಶಂಸೆಯೂ ಇದೇ ದೇವಾಲಯದಲ್ಲಿದೆ. ಅದು ಕಾಲನಿರ್ಣಯಕ್ಕೆ ನಿರುಪಯೋಗಿ. ಆದರೆ ಸೂತ್ರಧಾರಿ, ಗಾಯಕ, ನಟ, ಸೇವಕಿ ಇವರೆಲ್ಲರ ಹೆಸರನ್ನು ಉಳಿಸಿಕೊಂಡ ದೇವಾಲಯವೊಂದು ಅಂದಿನ ಕಾಲಕ್ಕೆ ಎಷ್ಟು ಜೀವಂತವಾಗಿತ್ತೆಂಬುದನ್ನು ಯಾವ ಶಕವರ್ಷವೂ ಇದಕ್ಕಿಂತ ಚೆನ್ನಾಗಿ ಹೇಳಲಾರದು.

ಶಿಲ್ಪಿಗಳ ಹೆಸರುಗಳಿಂದ ಬೇರೊಂದು ಬಗೆಯ ಪ್ರಯೋಜನವಿದೆ. ಪಾಪನಾಥ ದೇವಾಲಯದ ಶಾಸನವೊಂದು ರೇವಡಿ ಓವಜ್ಜನೆಂಬ ಶಿಲ್ಪಿಯನ್ನು ಸರ್ವಸಿದ್ಧಿ ಆಚಾರಿಗಳ ಸಂಬಂಧದವನೆಂದು ಹೇಳುತ್ತದೆ. ಶೈಲಿಯಲ್ಲಿ ಪಾಪನಾಥವೂ ಲೋಕೇಶ್ವರವೂ ಒಂದನ್ನೊಂದು ಹೋಲುವುದಿಲ್ಲ: ಒಂದರ ಶಿಖರ ಔತ್ತರೇಯ ರೀತಿಯದು, ಮತ್ತೊಂದರದು ದಾಕ್ಷಿಣಾತ್ಯ. ಶೈಲಿಯನ್ನು ಮಾತ್ರ ನಂಬಿದವರಿಗೆ ಇವೆರಡೂ ಬೇರೆ ಬೇರೆ ಪೀಳಿಗೆಗಳ ಕೃತಿಗಳೆನಿಸಬಹುದು. ಒಂದೇ ಶಿಲ್ಪಿಕುಲದ ಹೆಸರು ಎರಡನ್ನೂ ಸಮೀಪಕ್ಕೆ ತಂದು ನಿಲ್ಲಿಸುತ್ತದೆ.

ಐಹೊಳೆಯ ಪ್ರಕರಣವನ್ನು ಇಲ್ಲಿ ನೆನೆಯದೆ ಮುಂದುವರಿಯುವಂತಿಲ್ಲ. ಅಲ್ಲಿನ ಲಾಡಖಾನ್ ಗುಡಿಗೆ ಕ್ರಿ. ಶ. 450 ಎಂಬ ಕಾಲವೂ, ದುರ್ಗದ ಗುಡಿಗೆ ಆರನೆಯ ಶತಮಾನವೂ ಬಹುಕಾಲ ಪಠ್ಯಗ್ರಂಥಗಳಲ್ಲಿ ರಾರಾಜಿಸಿದವು. ದುರ್ಗದ ಗುಡಿಯ ಹಿಂಬದಿ ಅರ್ಧವೃತ್ತಾಕಾರವಾಗಿರುವುದರಿಂದ ಅದು ಬೌದ್ಧರ ಚೈತ್ಯಗೃಹದ ನೇರ ಸಂತತಿಯೆಂದೂ, ಆದುದರಿಂದ ಪ್ರಾಚೀನವೆಂದೂ ಊಹಿಸಲಾಯಿತು. ಆದರೆ ಅದರ ಬಳಿಯ ಮಹಾದ್ವಾರದ ಮೇಲಿನ ಶಾಸನದಲ್ಲಿ ಇಮ್ಮಡಿ ವಿಕ್ರಮಾದಿತ್ಯನ ಹೆಸರಿದೆ. 1970ರ ದಶಕದಲ್ಲಿ ಅಧಿಷ್ಠಾನದ ಮೇಲಿನ ಲೇಖವು ಬೆಳಕಿಗೆ ಬಂದಾಗ, ಕೊಮಾರನೆಂಬವನು ಆದಿತ್ಯನಿಗಾಗಿ ಕಟ್ಟಿಸಿದ ಗುಡಿ ಇದೆಂದು ತಿಳಿಯಿತು; ಗುಡಿಯ ಕಾಲ ಎಂಟನೆಯ ಶತಮಾನದ ಕಡೆಗೆ ಸರಿಯಿತು. ದುರ್ಗೆಯ ಗುಡಿಯೆಂದು ಹಲವರು ನಂಬಿದ್ದುದು ಸೂರ್ಯನ ಗುಡಿಯಾಗಿತ್ತು. ಹೆಸರು ಬಂದುದು ಅದನ್ನು ಬಳಸಿಕೊಂಡಿದ್ದ ಕೋಟೆಯಿಂದ. ಕಲ್ಲಿನ ಆಕಾರವನ್ನು ಕಂಡು ಕಾಲವನ್ನು ಊಹಿಸುವವರು, ಅದೇ ಕಲ್ಲಿನ ಮೇಲೆ ಕೆತ್ತಿದ ಅಕ್ಷರವನ್ನು ಅಷ್ಟು ದಿನ ಕಾಣದೆ ಹೋದುದು ಸೋಜಿಗವೇ ಸರಿ. ಹೀಗೆ ಕಾಲ ಈಚೆಗೆ ಬಂದಾಗ ಕೆಲವರಿಗೆ ನಷ್ಟವಾದಂತೆ ಅನಿಸುವುದುಂಟು. ಸ್ಥಳಪುರಾಣಗಳು ಪ್ರತಿ ಲಿಂಗವನ್ನೂ ತ್ರೇತಾಯುಗಕ್ಕೆ ಒಯ್ಯುತ್ತವೆ; ಅದು ಭಕ್ತಿಯ ಭಾಷೆ, ಅದಕ್ಕೆ ಅದರ ಸ್ಥಾನವಿದೆ. ಆದರೆ ಪುರಾಣವನ್ನು ನಂಬದ ಆಧುನಿಕರೂ ಗುಡಿಗೆ ಒಂದೆರಡು ಶತಮಾನ ಹೆಚ್ಚು ವಯಸ್ಸು ಕೊಡುವುದರಲ್ಲಿ ಪುರಾಣಿಕರಿಗೆ ಸೋಲದಿರುವುದು ಆಕ್ಷೇಪಾರ್ಹ.

ಶಾಸನದಲ್ಲಿ ಸ್ಪಷ್ಟವಾದ ವರ್ಷವಿದ್ದರೆ ಎಲ್ಲವೂ ತೀರಿಹೋಯಿತೆ? ಇಟಗಿಯ ಮಹಾದೇವ ದೇವಾಲಯವನ್ನು ನೋಡಬಹುದು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಅದನ್ನು ಕಟ್ಟಿಸಿದನು, ಅಲ್ಲಿನ ಶಾಸನ ಅದನ್ನು ದೇವಾಲಯ ಚಕ್ರವರ್ತಿಯೆಂದು ಕೀರ್ತಿಸುತ್ತದೆ, ಕಾಲ ಕ್ರಿ. ಶ. 1112. ಚಾಲುಕ್ಯ ವಿಕ್ರಮವರ್ಷವು 1076ರಲ್ಲಿ ಆರಂಭವಾಗುವುದರಿಂದ ಇದು ಅದರ 37ನೆಯ ವರ್ಷ, ಸಂವತ್ಸರ ನಂದನ. ಇಲ್ಲಿ ಅರಸ, ಕರ್ತೃ, ವರ್ಷ ಎಲ್ಲವೂ ಒಂದೆಡೆ ಸಿಕ್ಕುವುದು ಸಂಶೋಧಕನ ಭಾಗ್ಯ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಹಾಗಿಲ್ಲ. ಕೇತಮಲ್ಲನು ಅದನ್ನು ಕಟ್ಟಿಸಿದ ಸಂಗತಿ 1121ರ ಶಾಸನದಲ್ಲಿದೆ. ಆದರೆ ಆ ಶಾಸನ ದೊರೆತುದು ದೇವಾಲಯದಲ್ಲಲ್ಲ, ಘಟ್ಟದಹಳ್ಳಿಯಲ್ಲಿ. ದೇವಾಲಯದ ದಕ್ಷಿಣದ್ವಾರದ ಮೇಲಿನ ಲೇಖವಾದರೋ ಮಕರತೋರಣವನ್ನು ಕಾಳಿದಾಸಿಯೆಂಬ ಶಿಲ್ಪಿ ಮಾಡಿದನೆಂದು ಹೇಳುತ್ತ ಪ್ರತಾಪ ನರಸಿಂಹನ ಸೂತ್ರಧಾರಿ ಕೇದಾರೋಜನನ್ನು ಹೆಸರಿಸುತ್ತದೆ. ಎಂದರೆ ವಿಷ್ಣುವರ್ಧನನ ಮಗ ಒಂದನೆಯ ನರಸಿಂಹನ ಕಾಲದಲ್ಲಿಯೂ ಉಳಿಯ ಸದ್ದು ನಿಂತಿರಲಿಲ್ಲ. 1121 ಎಂಬುದು ಹೊಯ್ಸಳೇಶ್ವರದ ಆರಂಭದ ಮಾತೇ ಹೊರತು ಮುಕ್ತಾಯದ್ದಲ್ಲ. ಲೋಕೇಶ್ವರದಲ್ಲಿ ಇದಕ್ಕೆ ವಿಪರೀತ: ಅಲ್ಲಿ ಮುಕ್ತಾಯದ ಸನ್ಮಾನವಿದೆ, ಆರಂಭದ ಮಾತಿಲ್ಲ.

ಹೀಗಿರುವಾಗ ಲೋಕೇಶ್ವರದ ಕಾಲವನ್ನು ಬರೆಯುವವರು ಇಮ್ಮಡಿ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಎಂದರೆ 733-34 ಮತ್ತು 744-45ರ ನಡುವೆ, ಪ್ರಾಯಶಃ ಅದರ ಉತ್ತರಾರ್ಧದಲ್ಲಿ ಪೂರ್ಣಗೊಂಡಿತೆಂದು ಬರೆಯುವುದು ಯುಕ್ತ. ಶೈಲಿಯ ಸಾಕ್ಷ್ಯವೂ ಇದಕ್ಕೆ ವಿರೋಧವಾಗಿಲ್ಲ: ಕಾಂಚಿಯ ಕೈಲಾಸನಾಥದ ನೆನಪು ಅದರ ವಿನ್ಯಾಸದಲ್ಲಿ ಸ್ಪಷ್ಟವಾಗಿದೆ, ರಾಷ್ಟ್ರಕೂಟ ಒಂದನೆಯ ಕೃಷ್ಣನ ಎಲ್ಲೋರದ ಕೈಲಾಸದಲ್ಲಿ ಇದರ ನೆನಪು ಮುಂದುವರಿದಿದೆ. ಅಕ್ಷರಸ್ವರೂಪವೂ ಎಂಟನೆಯ ಶತಮಾನದ್ದೇ, ಆದರೆ ಲಿಪಿಯಿಂದ ದಶಕಗಳನ್ನು ಬೇರ್ಪಡಿಸಲು ಯಾರಿಂದಲೂ ಆಗದು.

ಉಳಿದುದು ತಂಗಿಯ ದೇವಾಲಯ. ಲೋಕೇಶ್ವರದ ಜೊತೆಯಲ್ಲಿಯೇ ತ್ರೈಲೋಕ್ಯೇಶ್ವರಕ್ಕೂ ಅದೇ ವರ್ಷವನ್ನು ಅಂಟಿಸುವ ರೂಢಿ ಬೆಳೆದಿದೆ. ಅದಕ್ಕೆ ಲೋಕೇಶ್ವರದಂತೆ ಸೂತ್ರಧಾರಿಯ ಸನ್ಮಾನಶಾಸನದ ಆಧಾರವಿಲ್ಲ. ಅದರ ಕರ್ತೃವನ್ನು ತಿಳಿಸುವುದು ಜ್ಞಾನಶಿವಾಚಾರ್ಯನ ಕಂಬವೇ. ತ್ರೈಲೋಕ್ಯಮಹಾದೇವಿ ಅದನ್ನು ಪತಿಯ ಕಾಲದಲ್ಲಿಯೇ ಮುಗಿಸಿದಳೋ, ಮಗನು ಪಟ್ಟಕ್ಕೆ ಬಂದ ಮೇಲೆ ರಾಜಮಾತೆಯಾಗಿ ಮುಗಿಸಿದಳೋ, ಕಂಬವು ಹೇಳುವುದಿಲ್ಲ. 754ರ ಗ್ರಹಣದ ದಿನ ಅಕ್ಕನ ಗುಡಿಯ ಪಕ್ಕದಲ್ಲಿ ಅದೂ ನಿಂತಿತ್ತು ಎಂಬಷ್ಟನ್ನು ಮಾತ್ರ ಹೇಳುತ್ತದೆ.